ಬಾಗಿಲಿನ ಗಂಟೆ, ಕುನ್ನಿಯ ಮಾತು



ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಇಲಿಗಳಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಆ ಗೊಡವೆ ನಮಗೆ ಇವತ್ತು ಬೇಡ. ಇವತ್ತಿನ ಮಾತು ನಾಯಿಯ ಗಂಟೆಯದು. ಈ ಗಂಟೆಯನ್ನು ನಾಯಿಯ ಕೊರಳಿಗೆ ಕಟ್ಟುವುದಿಲ್ಲ, ಮನೆಯ ಬಾಗಿಲಿಗೆ ಕಟ್ಟುತ್ತೇವೆ. ಬಾರಿಸುವವರು ನಾವಲ್ಲ, ಎರಡು ತಿಂಗಳ ಪುಟ್ಟ ಕುನ್ನಿ. "ನನಗೆ ಹೊರಗೆ ಹೋಗುವ ಅವಸರ ಬಂದಿದೆ, ಬಾಗಿಲು ತೆಗೆಯಿರಿ" ಎಂದು ಅದು ನಮಗೆ ಹೇಳುವ ಬಗೆ ಇದು. ಇದನ್ನು ಕಲಿಸುವುದು ಹೇಗೆ, ಕಲಿಸುವಾಗ ನಾವು ಎಲ್ಲಿ ತಪ್ಪುತ್ತೇವೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಮನೂರಿನ ಕಡೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮಗ ಹೈದರಾಬಾದಿನಿಂದಲೋ ಜಹೀರಾಬಾದಿನಿಂದಲೋ ಬರುವಾಗ ಒಂದು ನಾಯಿಮರಿ ತಂದಿದ್ದಾನೆ. ಮಕ್ಕಳಿಗೆ ಹಬ್ಬವೋ ಹಬ್ಬ. ಮೊದಲ ರಾತ್ರಿ ಮರಿ ಪಡಸಾಲೆಯ ಮೂಲೆಯಲ್ಲಿ ಒದ್ದೆ ಮಾಡಿತು. ಎಲ್ಲರೂ ನಕ್ಕರು. ಎರಡನೆಯ ರಾತ್ರಿ ಆಯಿಯ ಕೌದಿಯ ಮೇಲೆ ಮಾಡಿತು. ಆಗ ಮಕ್ಕಳು ಮಾತ್ರ ನಕ್ಕರು. ಮೂರನೆಯ ದಿನ ದೇವರ ಗೂಡಿನ ಮುಂದೆ ಮಾಡಿತು. ಆಗ ಯಾರೂ ನಗಲಿಲ್ಲ. ನಾಲ್ಕನೆಯ ದಿನ ಮನೆಯ ಯಜಮಾನ, "ಇದನ್ನು ಚೀಲದಾಗ ಹಾಕಿ ನಾರಾಯಣಖೇಡದ ಸಂತ್ಯಾಗ ಬಿಟ್ಟು ಬರ್ರಿ" ಎಂದುಬಿಟ್ಟ.

ಕೇಳುಗರೆ, ಇದು ಕಲ್ಪನೆಯ ಮನೆ. ಆದರೆ ಇಂಥ ಮಾತು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಬಂದಿದೆ ಎಂಬುದು ನಿಮಗೇ ಗೊತ್ತು. ಹಾಗೆ ಸಂತೆಯಲ್ಲಿ ಬಿಟ್ಟ ಎರಡು ತಿಂಗಳ ಮರಿಯ ಗತಿ ಏನು? ಬಸ್ಸು ಲಾರಿಗಳ ಗಾಲಿಗೆ ಸಿಕ್ಕೀತು. ರಕ್ತಭೇದಿಯಾಗುವ ಪಾರ್ವೋ ರೋಗಕ್ಕೆ ತುತ್ತಾದೀತು. ಎಲ್ಲದರಿಂದ ಪಾರಾಗಿ ಬದುಕಿದರೆ, ಚುಚ್ಚುಮದ್ದು ಕಾಣದ ಇನ್ನೊಂದು ಬೀದಿನಾಯಿಯಾಗಿ ಬೆಳೆದೀತು. ಅಂಥ ನಾಯಿಗೆ ನಾಳೆ ಹುಚ್ಚು ತಗುಲಿದರೆ ಅದರ ದಾರಿಗೆ ಬರುವವರು ಶಾಲೆಗೆ ಹೋಗುವ ನಮ್ಮ ಮಕ್ಕಳೇ. ಒಂದು ಮರಿಗೆ ಮನೆಯೊಳಗಿನ ಶಿಸ್ತು ಕಲಿಸುವುದು ಶೋಕಿಯ ಮಾತಲ್ಲ ಎಂದು ನಾನು ಹೇಳುವುದು ಇದಕ್ಕಾಗಿ. ಆ ಮರಿ ಮನೆಯಲ್ಲಿ ಉಳಿಯುವುದೋ ಬೀದಿ ಪಾಲಾಗುವುದೋ ಎಂಬುದು ಬಹಳ ಸಲ ಈ ಒಂದು ಕಲಿಕೆಯ ಮೇಲೆ ನಿಂತಿರುತ್ತದೆ.

ಇಲ್ಲಿ ಹಿರಿಯರು ಒಂದು ಪ್ರಶ್ನೆ ಕೇಳಬಹುದು. "ನಮ್ಮ ಕಾಲದಾಗ ನಾಯಿಗೆ ಯಾರೂ ಗಂಟಿ ಕಲಿಸಲಿಲ್ಲ. ಅಂಗಳದಾಗ ಇರತಿತ್ತು, ತಿಪ್ಪಿ ಕಡೆ ಹೋಗಿ ಬರತಿತ್ತು." ಮಾತು ಸರಿ. ಅಂಗಳದಲ್ಲಿಯೇ ಬಿದ್ದಿರುವ, ಹಗಲೂ ರಾತ್ರಿ ಬಾಗಿಲು ತೆರೆದೇ ಇರುವ ಮನೆಯ ನಾಯಿಗೆ ಈ ಕಲಿಕೆ ಬೇಕಾಗಿಲ್ಲ. ಆದರೆ ಈಗ ಅನೇಕ ಮನೆಗಳಿಗೆ ಅಂಗಳವೇ ಇಲ್ಲ. ಸ್ಲ್ಯಾಬಿನ ಮನೆ, ಕಬ್ಬಿಣದ ಗೇಟು, ಒಳಗೆ ಟೈಲ್ಸು. ಮಕ್ಕಳು ಮರಿಯನ್ನು ಒಳಗೇ ಮಲಗಿಸಿಕೊಳ್ಳುತ್ತಾರೆ. ಮರಿಗೂ ಹೊರಗಿಗೂ ನಡುವೆ ಮುಚ್ಚಿದ ಬಾಗಿಲೊಂದು ಬಂದ ಮೇಲೆ, ಆ ಬಾಗಿಲನ್ನು ತೆಗೆಸುವ ಉಪಾಯವೂ ಮರಿಗೆ ಬೇಕಾಗುತ್ತದೆ.

ಈಗ ಮರಿಯ ಕಡೆಯಿಂದ ಸ್ವಲ್ಪ ನೋಡೋಣ. ಅದು ಸೊಕ್ಕಿನಿಂದ ಮನೆ ಹೊಲಸು ಮಾಡುವುದಿಲ್ಲ. ಹುಟ್ಟಿದ ಮೊದಲ ಮೂರು ವಾರಗಳವರೆಗೆ ತಾಯಿ ನೆಕ್ಕಿದರೇನೇ ಮರಿಗೆ ಉಚ್ಚೆ ಬರುವುದು. ತಾಯಿಯೇ ಎಲ್ಲವನ್ನೂ ಶುಚಿ ಮಾಡುತ್ತದೆ. ಆಮೇಲೆ ಮರಿ ತಾನಾಗಿಯೇ ಮಲಗುವ ಜಾಗ ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋಗಿ ಮಾಡಲು ಕಲಿಯುತ್ತದೆ. ಅಂದರೆ ಮಲಗುವ ಜಾಗವನ್ನು ಚೊಕ್ಕಟವಾಗಿ ಇಟ್ಟುಕೊಳ್ಳಬೇಕೆಂಬ ಬುದ್ಧಿ ಅದಕ್ಕೆ ಹುಟ್ಟಿನಿಂದಲೇ ಇದೆ. ತೊಂದರೆ ಏನೆಂದರೆ, ಇಡೀ ಮನೆಯೇ ಮಲಗುವ ಜಾಗ ಎಂಬುದು ಅದಕ್ಕೆ ಗೊತ್ತಿಲ್ಲ. ಪಡಸಾಲೆಯ ಆ ಮೂಲೆ ಅದರ ಲೆಕ್ಕದಲ್ಲಿ ಹೊರಗೇ.

ಇನ್ನೊಂದು ಸಂಗತಿ. ಎಂಟೊಂಬತ್ತು ವಾರದ ಹೊತ್ತಿಗೆ ಮರಿಗೆ ಕಾಲ ಕೆಳಗಿನ ನೆಲದ ರೂಢಿ ಬೀಳುತ್ತದೆ. ಗೋಣಿಚೀಲದ ಮೇಲೆ ಬೆಳೆದ ಮರಿ ಗೋಣಿಯಂಥ ಮೆತ್ತನೆಯದನ್ನೇ ಹುಡುಕುತ್ತದೆ. ಆಯಿಯ ಕೌದಿ ಅದಕ್ಕೆ ಗೋಣಿಯ ಹಾಗೆಯೇ ಕಂಡಿತು, ಅಷ್ಟೆ. ಮಣ್ಣಿನ ಮೇಲೆ, ಹುಲ್ಲಿನ ಮೇಲೆ ಮಾಡಿ ರೂಢಿಯಾದರೆ ಅದು ಮಣ್ಣನ್ನೇ ಹುಡುಕೀತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಸುಮ್ಮನೆ ಹೇಳಿಲ್ಲ.

ಮರಿಗೆ ತಡೆಯುವ ಶಕ್ತಿಯೂ ಕಡಿಮೆ. ತಿಂಗಳ ಲೆಕ್ಕಕ್ಕೆ ಒಂದು ಸೇರಿಸಿ, ಅಷ್ಟು ತಾಸು ಎಂದು ಸುಮಾರು ಅಂದಾಜು ಹಾಕಬಹುದು. ಎರಡು ತಿಂಗಳ ಮರಿ ಹೆಚ್ಚೆಂದರೆ ಮೂರು ತಾಸು ತಡೆದೀತು. ಎಚ್ಚರವಾಗಿ ಆಡುತ್ತಿರುವಾಗ ಒಂದು ತಾಸೂ ತಡೆಯಲಾರದು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಹತ್ತು ಇಪ್ಪತ್ತು ನಿಮಿಷಕ್ಕೆ, ನೀರು ಕುಡಿದ ಮೇಲೆ, ಕುಣಿದಾಡಿದ ಮೇಲೆ, ಈ ನಾಲ್ಕು ಹೊತ್ತುಗಳಲ್ಲಿ ಅದಕ್ಕೆ ಹೊರಗೆ ಹೋಗಲೇಬೇಕು. ನೆಲ ಮೂಸುತ್ತ ಸುತ್ತು ಹಾಕತೊಡಗಿತೆಂದರೆ ಇನ್ನು ಸಮಯವಿಲ್ಲ ಎಂದು ತಿಳಿಯಿರಿ.

ಇಷ್ಟು ತಿಳಿದ ಮೇಲೂ ನಮ್ಮ ಗಡಿನಾಡಿನ ಮನೆಗಳಲ್ಲಿ ಒಂದು ವಿಶೇಷ ತೊಡಕು ಇದೆ. ಅದು ಮಾತಿನ ತೊಡಕು. ನಮ್ಮ ಮನೆಗಳಿಗೆ ಎರಡು ಮೂರು ಭಾಷೆ ಬಂದದ್ದು ಹೇಗೆಂದು ನಿಮಗೆ ಗೊತ್ತೇ ಇದೆ. ನಾರಾಯಣಖೇಡ, ಜಹೀರಾಬಾದಿನ ಕಡೆಯ ನಮ್ಮ ಹಳ್ಳಿಗಳು ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ಬೀದರ್ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೀದರ್ ಆಚೆ ಹೋಯಿತು, ನಾವು ಈಚೆ ಉಳಿದೆವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು, 2016ರಲ್ಲಿ ಮೆದಕ್ ಹೋಗಿ ನಮ್ಮ ಜಿಲ್ಲೆ ಸಂಗಾರೆಡ್ಡಿಯಾಯಿತು. ಕಾಗದದ ಮೇಲಿನ ಹೆಸರುಗಳು ಬದಲಾದವು. ಒಲೆಯ ಮುಂದಿನ ಮಾತು ಬದಲಾಗಲಿಲ್ಲ. ಆಯಿಗೆ ಕನ್ನಡ, ಶಾಲೆಗೆ ಹೋಗುವ ಮಕ್ಕಳಿಗೆ ತೆಲುಗು, ಬಜಾರಿನ ವ್ಯವಹಾರಕ್ಕೆ ದಖನಿ.

ನಮಗೆ ಇದೊಂದು ಸಿರಿ. ಆದರೆ ಮರಿಯ ಪಾಡು ನೋಡಿ. ಆಯಿ "ಹೊರಗ ನಡಿ" ಎನ್ನುತ್ತಾಳೆ. ಮೊಮ್ಮಗಳು "ಬಯಟಿಕಿ ಪದ" ಎನ್ನುತ್ತಾಳೆ. ಯಜಮಾನ "ಬಾಹರ್ ಚಲ್" ಎಂದು ಗದರಿಸುತ್ತಾನೆ. ಒಂದೇ ಕೆಲಸಕ್ಕೆ ಮೂರು ಮಾತು, ಮೂರು ದನಿ. ನಾಯಿ ಮಾತಿನ ಅರ್ಥ ಹಿಡಿಯುವುದಿಲ್ಲ, ಸಪ್ಪಳ ಹಿಡಿಯುತ್ತದೆ. ಸಪ್ಪಳ ದಿನಕ್ಕೊಂದಾದರೆ ಅದು ಏನೂ ಹಿಡಿಯದು. ಗಂಟೆಯ ಮೊದಲ ಅನುಕೂಲ ಇದೇ. ಗಂಟೆಗೆ ಕನ್ನಡವಿಲ್ಲ, ತೆಲುಗಿಲ್ಲ, ದಖನಿಯಿಲ್ಲ. ಯಾರು ಕೇಳಿದರೂ ಅದರ ಅರ್ಥ ಒಂದೇ: ಬಾಗಿಲು ತೆಗೆ.

ಎರಡನೆಯ ಅನುಕೂಲ ಕೇಳುವವರಿಗೆ. ಮರಿ ಹಸಿದಾಗಲೂ ಕುಂಯ್‌ಗುಡುತ್ತದೆ, ಹೆದರಿದಾಗಲೂ, ಬೇಸರವಾದಾಗಲೂ. ಅದರಲ್ಲಿ ಯಾವುದು ಯಾವುದಕ್ಕೆ ಎಂದು ತಿಳಿಯುವುದು ಕಷ್ಟ. ಗಂಟೆ ಒಂದೇ ಕೆಲಸಕ್ಕೆ ಮೀಸಲು. ಕಿವಿ ಮಂದವಾದ ಹಿರಿಯರಿಗೆ ಮರಿಯ ಕ್ಷೀಣ ದನಿ ಕೇಳದೆ ಹೋಗಬಹುದು, ಗಂಟೆ ಕೇಳುತ್ತದೆ.

ಪ್ರಾಣಿಗೂ ಗಂಟೆಗೂ ನಂಟು ನಮಗೇನು ಹೊಸದಲ್ಲ. ಎತ್ತಿನ ಕೊರಳ ಗಂಟೆ, ಆಡಿನ ಕೊರಳ ಗೆಜ್ಜೆ ಕೇಳುತ್ತಲೇ ನಾವು ಬೆಳೆದವರು. ಮಂಜೀರಾ ನದಿಯ ದಂಡೆಯಲ್ಲಿ ಹಿಂಡು ಮೇಯಿಸುವವರು ಕಣ್ಣು ಮುಚ್ಚಿಕೊಂಡೂ ಸಪ್ಪಳದ ಮೇಲೆ ಆಡು ಎತ್ತ ಹೋಯಿತೆಂದು ಹೇಳುತ್ತಾರೆ. ತಮಿಳು ನಾಡಿನಲ್ಲಿ ಮನುನೀತಿ ಚೋಳನ ಕತೆ ಇದೆ. ಅರಮನೆಯ ಬಾಗಿಲಿಗೆ ಅವನು ನ್ಯಾಯದ ಗಂಟೆ ಕಟ್ಟಿಸಿದ್ದನಂತೆ. ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸತ್ತಾಗ ಹಸು ಬಂದು ಆ ಗಂಟೆ ಎಳೆಯಿತಂತೆ. ಕತೆಯಲ್ಲಿ ಹಸು ಗಂಟೆ ಬಾರಿಸಿದ್ದು ಎಷ್ಟು ಮುಖ್ಯವೋ, ರಾಜ ಎದ್ದು ಬಂದು ಕೇಳಿದ್ದೂ ಅಷ್ಟೇ ಮುಖ್ಯ. ಈ ಮಾತನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಇನ್ನು ಶಾಸ್ತ್ರ ಏನು ಹೇಳುತ್ತದೆ? ನಾಯಿ ಮತ್ತು ಗಂಟೆ ಎಂದ ಕೂಡಲೇ ಓದಿದವರಿಗೆ ನೆನಪಾಗುವ ಹೆಸರು ರಷ್ಯಾದ ಇವಾನ್ ಪಾವ್ಲೋವ್. ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದವರು. ಊಟಕ್ಕೆ ಮುಂಚೆ ಪ್ರತಿ ಸಲ ಒಂದೇ ಸಪ್ಪಳ ಕೇಳಿಸಿದರೆ, ಕೊನೆಗೆ ಬರೀ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ಜೊಲ್ಲು ಬರುತ್ತದೆ ಎಂದು ತೋರಿಸಿದರು. ಅಲ್ಲಿ ಸಪ್ಪಳ ಮಾಡುವವರು ಮನುಷ್ಯರು, ನಾಯಿ ಕೇಳುವುದು.

ನಮ್ಮ ಬಾಗಿಲಿನ ಗಂಟೆ ಬೇರೆ ಬಗೆಯದು. ಇದಕ್ಕೆ ಹತ್ತಿರದ್ದು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಅವರು 1898ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಹೊರಗೆ ಆಹಾರವಿಟ್ಟರು. ಒಳಗಿನ ದಾರವನ್ನೋ ಅಗುಳಿಯನ್ನೋ ತಾಗಿಸಿದರೆ ಬಾಗಿಲು ತೆರೆಯುತ್ತಿತ್ತು. ಮೊದಲು ಬೆಕ್ಕು ಪರಚಾಡುತ್ತ ಆಕಸ್ಮಿಕವಾಗಿ ದಾರ ಎಳೆಯಿತು. ಸಲದಿಂದ ಸಲಕ್ಕೆ ಬೇಗ ಬೇಗ ಎಳೆಯಿತು. ಒಳ್ಳೆಯ ಫಲ ಕೊಟ್ಟ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ, ಇದು ಅವರು ಕಂಡುಕೊಂಡದ್ದು. ನಮ್ಮ ಮರಿಯೂ ಹಾಗೆಯೇ: ಮೂಗಿನಿಂದ ಗಂಟೆ ತಾಗಿಸಿದೆ, ಬಾಗಿಲು ತೆರೆಯಿತು, ಹಗುರಾಯಿತು, ಮೇಲೆ ಒಂದು ತುತ್ತೂ ಸಿಕ್ಕಿತು. ಇನ್ನೊಮ್ಮೆ ಯಾಕೆ ತಾಗಿಸಬಾರದು?

ಈಗ ಕೆಲಸಕ್ಕೆ ಬರೋಣ. ಮೊದಲು ಗಂಟೆಯ ಆಯ್ಕೆ. ದೇವರ ಪೂಜೆಯ ಗಂಟೆ ಬೇಡ. ಭಕ್ತಿಯ ಮಾತು ಹಾಗಿರಲಿ, ಆಯಿ ಮಂಗಳಾರತಿಗೆ ಗಂಟೆ ಬಾರಿಸಿದಾಗಲೆಲ್ಲ ಮರಿ ಗೊಂದಲಕ್ಕೆ ಬೀಳುತ್ತದೆ. ಮನೆಯಲ್ಲಿ ಆಡು ದನ ಇದ್ದರೆ ಅವುಗಳ ಕೊರಳಲ್ಲಿ ಇರುವಂಥದ್ದೂ ಬೇಡ. ಮನೆಯಲ್ಲಿ ಬೇರೆಲ್ಲೂ ಕೇಳದ ಸಪ್ಪಳದ ಒಂದು ಸಣ್ಣ ಗಂಟೆ ಬಜಾರಿನಿಂದ ತನ್ನಿ. ತೀರ ಸಣ್ಣ ಗೆಜ್ಜೆ ಅಪಾಯ. ಮರಿ ಕಚ್ಚಿ ನುಂಗಿಬಿಟ್ಟೀತು. ಮರಿಯ ಬಾಯಿಗೆ ಹಿಡಿಸದಷ್ಟು ದೊಡ್ಡದಿರಲಿ. ಗಟ್ಟಿ ನೂಲಿನ ಹಗ್ಗಕ್ಕೆ ಪೋಣಿಸಿ, ಬಾಗಿಲ ಚೌಕಟ್ಟಿನ ಒಳಬದಿಗೆ, ಮರಿಯ ಮೂಗಿನ ಎತ್ತರಕ್ಕೆ ಇಳಿಬಿಡಿ. ಗಾಳಿಗೆ ಅಲುಗಾಡುವಂತೆ ಕಟ್ಟಬೇಡಿ. ಮರಿ ಬೆಳೆದಂತೆ ಹಗ್ಗವನ್ನು ಮೇಲೆ ಕಟ್ಟುತ್ತ ಹೋಗಿ.

ಹೊರಗೆ ಒಂದು ಜಾಗವನ್ನೂ ಗೊತ್ತು ಮಾಡಿ. ಹಿತ್ತಲಿನಲ್ಲೋ ತಿಪ್ಪೆಯ ಮಗ್ಗುಲಿಗೋ ಸ್ವಲ್ಪ ಮಣ್ಣಿನ ನೆಲ. ದಿನಾಲೂ ಅದೇ ಜಾಗ. ಚುಚ್ಚುಮದ್ದು ಪೂರ್ತಿಯಾಗುವವರೆಗೆ ಬೀದಿನಾಯಿಗಳು ಓಡಾಡುವ ಜಾಗ ಬೇಡ. ಪಾರ್ವೋ ರೋಗದ ವಿಷಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮರಿ ಮಾಡಿದ್ದನ್ನು ಗುದ್ದಲಿಯಿಂದ ಆಳವಾಗಿ ಹೂಳಿಬಿಡಿ. ಮರಿಯ ಹೊಟ್ಟೆಯ ದುಂಡುಹುಳುವಿನ ತತ್ತಿಗಳು ಮಣ್ಣಿನಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗಬಲ್ಲವು.

ಇನ್ನು ಪಾಠ. ಮೊದಲ ಹಂತದಲ್ಲಿ ಗಂಟೆ ಬಾಗಿಲಿಗೆ ಬೇಡ, ನಿಮ್ಮ ಕೈಯಲ್ಲಿರಲಿ. ಮರಿಯ ಮುಂದೆ ಹಿಡಿಯಿರಿ. ಅದು ಕುತೂಹಲದಿಂದ ಮೂಸಲು ಬಂದೇ ಬರುತ್ತದೆ. ಮೂಗು ತಾಗಿ ಸಪ್ಪಳವಾದ ಕ್ಷಣಕ್ಕೆ "ಶಭಾಷ್" ಎಂದು ಒಂದು ಸಣ್ಣ ತುತ್ತು ಕೊಡಿ. ಶೇಂಗಾ ಕಾಳಿನಷ್ಟು ಗಾತ್ರ ಸಾಕು. ಬೇಯಿಸಿದ ತತ್ತಿಯ ಚೂರು, ಮೂಳೆಯಿಲ್ಲದ ಕೋಳಿಯ ಚೂರು, ಇಲ್ಲವಾದರೆ ಜೋಳದ ರೊಟ್ಟಿಯ ಚೂರು. ಚಾಕೊಲೇಟು, ಉಳ್ಳಾಗಡ್ಡಿ, ದ್ರಾಕ್ಷಿ ಕೊಡಲೇಬಾರದು, ಇವು ನಾಯಿಗೆ ವಿಷ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ, ಎರಡು ಮೂರು ದಿನ. ಸಪ್ಪಳಕ್ಕೆ ಹೆದರುವ ಮರಿಯಾದರೆ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ಆರಂಭಿಸಿ, ದಿನಕ್ಕಷ್ಟು ಬಿಚ್ಚುತ್ತ ಬನ್ನಿ.

ಎರಡನೆಯ ಹಂತದಲ್ಲಿ ಗಂಟೆ ಬಾಗಿಲಿಗೆ ಬರುತ್ತದೆ. ಅಲ್ಲಿ ಬೆರಳಿನಿಂದ ತೋರಿಸಿ. ಮರಿ ಮೂಗು ತಾಗಿಸಿದ ಕೂಡಲೇ ಬಾಗಿಲು ತೆರೆಯಿರಿ. ಇಲ್ಲಿ ತಡ ಮಾಡಬಾರದು. ಗಂಟೆ ಬಾರಿಸಿ ಅರ್ಧ ನಿಮಿಷವಾದ ಮೇಲೆ ಬಾಗಿಲು ತೆರೆದರೆ ಎರಡಕ್ಕೂ ಸಂಬಂಧ ಇದೆ ಎಂದು ಮರಿಗೆ ತಿಳಿಯುವುದಿಲ್ಲ.

ಮೂರನೆಯ ಹಂತ, ಎಲ್ಲಕ್ಕಿಂತ ಮುಖ್ಯವಾದದ್ದು. ನಾನು ಮೊದಲು ಹೇಳಿದ ನಾಲ್ಕು ಹೊತ್ತುಗಳಲ್ಲಿ ಮರಿಯನ್ನು ಬಾಗಿಲಿಗೆ ಕರೆದುಕೊಂಡು ಹೋಗಿ, ಗಂಟೆ ತಾಗಿಸುವಂತೆ ಮಾಡಿ, ಬಾಗಿಲು ತೆರೆದು, ಕೊರಳಿಗೆ ಹಗ್ಗ ಹಾಕಿ ನೇರವಾಗಿ ಆ ಗೊತ್ತಾದ ಜಾಗಕ್ಕೇ ಹೋಗಿ. ಆಟ ಬೇಡ, ಮಾತು ಬೇಡ, ಸುಮ್ಮನೆ ನಿಲ್ಲಿ. ಅದು ಕೆಲಸ ಮುಗಿಸಿದ ಮೇಲೆ ಅಲ್ಲಿಯೇ ನಿಂತು ತುತ್ತು ಕೊಡಿ, ಬೆನ್ನು ಸವರಿ. ಮನೆಗೆ ಬಂದು ಕೊಟ್ಟರೆ, ಮನೆಗೆ ಬಂದದ್ದಕ್ಕೆ ಕೊಟ್ಟರು ಎಂದು ಅದು ತಿಳಿಯುತ್ತದೆ. ಒಮ್ಮೆಯೂ ತಪ್ಪದೆ ಹೀಗೆ ನಡೆಸಬೇಕು. ಗಂಟೆ, ಬಾಗಿಲು, ಜಾಗ, ತುತ್ತು. ಈ ನಾಲ್ಕು ಕೊಂಡಿಗಳ ಸರಪಳಿ ಅದರ ತಲೆಯಲ್ಲಿ ಕೂರಬೇಕು.

ನಾಲ್ಕನೆಯ ಹಂತ ಮರಿಯದು. ಹೀಗೆ ಒಂದೆರಡು ವಾರ ನಡೆದ ಮೇಲೆ ಒಂದು ದಿನ ನೀವು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತೀರಿ, ಬಾಗಿಲ ಕಡೆ ಗಂಟೆ ಸಪ್ಪಳವಾಗುತ್ತದೆ. ಯಾರೂ ಕರೆದುಕೊಂಡು ಹೋಗಿಲ್ಲ, ಮರಿ ತಾನಾಗಿ ಹೋಗಿ ಬಾರಿಸಿದೆ. ಕೇಳುಗರೆ, ಆ ಕ್ಷಣ ಬಹಳ ನಾಜೂಕಿನದು. ಹೆಂಚಿನ ಮೇಲೆ ರೊಟ್ಟಿ ಇದ್ದರೆ ರೊಟ್ಟಿ ಸೀಯಲಿ. ಎದ್ದು ಹೋಗಿ ಬಾಗಿಲು ತೆರೆಯಿರಿ. ಚೋಳ ರಾಜನ ಮಾತು ನೆನಪಿಡಿ ಎಂದದ್ದು ಇದಕ್ಕೇ. ಬಾರಿಸಿದಾಗ ಯಾರೂ ಬರದಿದ್ದರೆ, ನಾಲ್ಕು ಸಲ ಹಾಗಾದರೆ, ಈ ಗಂಟೆಯಿಂದ ಉಪಯೋಗವಿಲ್ಲ ಎಂದು ಮರಿ ತಿಳಿಯುತ್ತದೆ. ಆಮೇಲೆ ಅದು ಮೂಲೆಯನ್ನೇ ಹುಡುಕುತ್ತದೆ. ತಪ್ಪು ಆಗ ಅದರದಲ್ಲ.

ಆದ್ದರಿಂದ ಪಾಳಿ ಹಚ್ಚಿಕೊಳ್ಳಿ. ಮುಂಜಾನೆ ಸೊಸೆ, ಮಧ್ಯಾಹ್ನ ಆಯಿ, ಶಾಲೆ ಬಿಟ್ಟ ಮೇಲೆ ಮಕ್ಕಳು, ರಾತ್ರಿ ಯಜಮಾನ. ಹತ್ತಿ ಬಿಡಿಸುವ ಕಾಲದಲ್ಲಿ, ತೊಗರಿ ರಾಶಿಯ ಕಾಲದಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೀರಿ. ಕೇಳುವವರಿಲ್ಲದ ಮನೆಯಲ್ಲಿ ಗಂಟೆ ಕಟ್ಟಿ ಫಲವಿಲ್ಲ. ಅಂಥ ದಿನ ಮರಿಯನ್ನು ಒಳಗೆ ಕೂಡಿಹಾಕಬೇಡಿ. ನೆರಳು, ನೀರು ಇರುವ ಹಿತ್ತಲಲ್ಲಿ, ಬೀದಿನಾಯಿ ಬಾರದ ಕಡೆ ಇರಲಿ. ಇಲ್ಲವೆ ನೆರೆಯವರ ಕೈಗೆ ಒಪ್ಪಿಸಿ.

ಸ್ವಲ್ಪ ದಿನದಲ್ಲಿ ಮರಿ ಜಾಣತನ ಕಲಿಯುತ್ತದೆ. ಹೊರಗೆ ಕೋಳಿಮರಿ ಕಂಡರೆ ಗಂಟೆ, ಮಕ್ಕಳ ಆಟ ಕೇಳಿದರೆ ಗಂಟೆ. ಸಿಟ್ಟಾಗಬೇಡಿ. ಬಾಗಿಲು ತೆರೆಯಿರಿ, ಹಗ್ಗ ಹಾಕಿ, ಅದೇ ಜಾಗಕ್ಕೆ ಹೋಗಿ ಐದು ನಿಮಿಷ ಸುಮ್ಮನೆ ನಿಲ್ಲಿ. ಏನೂ ಮಾಡದಿದ್ದರೆ ತಿರುಗಿ ಒಳಗೆ ಬನ್ನಿ. ಆಟವಿಲ್ಲ, ತುತ್ತಿಲ್ಲ. ಈ ಗಂಟೆ ಆ ಕೆಲಸಕ್ಕೆ ಮಾತ್ರ ಎಂಬುದು ಕೆಲವು ದಿನಗಳಲ್ಲಿ ಅದಕ್ಕೆ ತಿಳಿಯುತ್ತದೆ. ಆಟಕ್ಕೆ ಬೇರೆ ಹೊತ್ತು ಇಡಿ. ಆಟವಿಲ್ಲದೆ ಬೇಸತ್ತ ಮರಿಯೇ ಹೆಚ್ಚಾಗಿ ಸುಳ್ಳು ಗಂಟೆ ಬಾರಿಸುವುದು. ಹಾಗೆಯೇ ಮಕ್ಕಳಿಗೂ ಒಂದು ಮಾತು ಹೇಳಿಡಿ: ಆ ಗಂಟೆ ನಿಮ್ಮ ಆಟಿಕೆಯಲ್ಲ.

ರಾತ್ರಿಯ ವಿಚಾರ. ಮಲಗುವ ಮುಂಚೆ ಒಮ್ಮೆ ಹೊರಗೆ ಕರೆದೊಯ್ಯಿರಿ. ಎರಡು ತಿಂಗಳ ಮರಿಗೆ ನಡುರಾತ್ರಿ ಒಂದೆರಡು ಸಲ ನೀವೇ ಎದ್ದು ಕರೆದೊಯ್ಯಬೇಕು. ಎಳೆಗೂಸು ಇರುವ ಮನೆಯವರಿಗೆ ಇದು ಹೊಸದಲ್ಲ. ಮರಿಯ ಬುಟ್ಟಿ ನಿಮ್ಮ ಹಾಸಿಗೆಯ ಹತ್ತಿರವೇ ಇರಲಿ. ಚಳಿಗಾಲದಲ್ಲಿ ಮಲಗುವ ಒಂದು ತಾಸು ಮುಂಚೆ ನೀರಿನ ಬಟ್ಟಲು ಎತ್ತಿಡಬಹುದು. ನಮ್ಮ ಬೇಸಿಗೆಯಲ್ಲಿ ಮಾತ್ರ ಹಾಗೆ ಮಾಡಬೇಡಿ. ಬಿಸಿಲಿನ ದಿನಗಳಲ್ಲಿ ನೀರಿಲ್ಲದೆ ಮರಿ ಬಾಳದು. ನಾಲ್ಕು ತಿಂಗಳಾಗುವ ಹೊತ್ತಿಗೆ ಬಹಳಷ್ಟು ಮರಿಗಳು ರಾತ್ರಿಯಿಡೀ ತಡೆಯುತ್ತವೆ. ಪೂರ್ತಿ ಭರವಸೆ ಇಡಬೇಕಾದರೆ ಆರು ತಿಂಗಳಾದರೂ ಬೇಕು.

ಇಷ್ಟೆಲ್ಲ ಮಾಡಿದರೂ ಮನೆಯೊಳಗೆ ತಪ್ಪು ಆಗಿಯೇ ಆಗುತ್ತದೆ. ಆಗ ಏನು ಮಾಡಬೇಕು? ನಮ್ಮಲ್ಲಿ ಒಂದು ರೂಢಿ ಇದೆ: ಮರಿಯ ಕತ್ತು ಹಿಡಿದು ಮೂಗನ್ನು ಅದರಲ್ಲೇ ಒರೆಸುವುದು, ಎರಡು ಏಟು ಕೊಡುವುದು. ದಯವಿಟ್ಟು ಇದನ್ನು ಬಿಡಿ. ಹತ್ತು ನಿಮಿಷದ ಹಿಂದೆ ಮಾಡಿದ್ದಕ್ಕೆ ಈಗ ಏಟು ಬಿತ್ತು ಎಂದು ಮರಿಗೆ ತಿಳಿಯುವುದೇ ಇಲ್ಲ. ಮನುಷ್ಯರ ಮುಂದೆ ಮಾಡಿದರೆ ಹೊಡೆತ ಬೀಳುತ್ತದೆ ಎಂದಷ್ಟೇ ತಿಳಿಯುತ್ತದೆ. ಅಲ್ಲಿಂದ ಅದು ಕಪಾಟಿನ ಹಿಂದೆ, ಮಂಚದ ಕೆಳಗೆ ಅಡಗಿ ಮಾಡುತ್ತದೆ. ಹೊರಗೆ ಕರೆದೊಯ್ದರೂ ನಿಮ್ಮ ಮುಂದೆ ಮಾಡಲು ಹೆದರುತ್ತದೆ. ನೀವು ಕಲಿಸಬೇಕೆಂದದ್ದು ಒಂದು, ಅದು ಕಲಿತದ್ದು ಇನ್ನೊಂದು. ಮಾಡುತ್ತಿರುವಾಗಲೇ ಕಂಡರೆ ಚಪ್ಪಾಳೆ ತಟ್ಟಿ ತಡೆದು ಹೊರಗೆ ಎತ್ತಿಕೊಂಡು ಹೋಗಿ. ಆಮೇಲೆ ಕಂಡರೆ ಸುಮ್ಮನೆ ಒರೆಸಿಬಿಡಿ.

ಒರೆಸುವುದರಲ್ಲೂ ಒಂದು ಕ್ರಮವಿದೆ. ನಮ್ಮ ಮೂಗಿಗೆ ವಾಸನೆ ಹೋಯಿತೆಂದರೆ ನಾಯಿಯ ಮೂಗಿಗೆ ಹೋದಂತಲ್ಲ. ವಾಸನೆ ಉಳಿದ ಜಾಗವೇ ತನ್ನ ಜಾಗ ಎಂದು ಅದು ತಿರುಗಿ ಅಲ್ಲಿಗೇ ಬರುತ್ತದೆ. ಮೊದಲು ಹಳೆಯ ಬಟ್ಟೆಯಿಂದ ಹೀರಿಸಿ, ಸಾಬೂನಿನ ನೀರಿನಿಂದ ತೊಳೆಯಿರಿ. ಟೈಲ್ಸಿನ ನೆಲವಾದರೆ ವಿನೆಗರಿಗೆ ಸಮ ನೀರು ಬೆರೆಸಿ ಒರೆಸಬಹುದು. ಆದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ತಾಂಡೂರಿನ ಕಲ್ಲು, ಶಹಾಬಾದಿನ ಕಲ್ಲು ಹಾಸಿರುತ್ತಾರೆ. ಅದು ಸುಣ್ಣದ ಕಲ್ಲು. ಹುಳಿ ಬಿದ್ದರೆ ಹೊಳಪು ಹೋಗಿ ಕಲೆ ಕೂರುತ್ತದೆ. ಅದಕ್ಕೆ ವಿನೆಗರ್ ಬೇಡ. ಸಾಬೂನಿನಿಂದ ತೊಳೆದು, ಅಡುಗೆ ಸೋಡಾ ಉದುರಿಸಿ, ಒಣಗಿದ ಮೇಲೆ ಒರೆಸಿ. ಸಾರಿಸಿದ ನೆಲವಾದರೆ ಒದ್ದೆ ಮಣ್ಣನ್ನು ಕೆರೆದು ತೆಗೆದು ಹೊಸದಾಗಿ ಸಾರಿಸಿ. ಅಮೋನಿಯ ಇರುವ ದ್ರವಗಳ ವಾಸನೆ ಉಚ್ಚೆಯ ವಾಸನೆಯಂತೆಯೇ ಇರುವುದರಿಂದ ಅವು ಬೇಡ. ಫಿನಾಯಿಲ್ ಹಾಕಿದ ಹಸಿ ನೆಲವನ್ನು ಮರಿ ನೆಕ್ಕಿದರೆ ಹೊಟ್ಟೆಗೆ ವಿಷ.

ಕಲಿತ ಮರಿ ಒಮ್ಮೆಗೇ ಕಲಿತದ್ದನ್ನು ಮರೆತಂತೆ ಕಂಡರೆ, ಹತ್ತು ಹತ್ತು ನಿಮಿಷಕ್ಕೆ ಗಂಟೆ ಬಾರಿಸತೊಡಗಿದರೆ, ಉಚ್ಚೆಯಲ್ಲಿ ರಕ್ತ ಕಂಡರೆ, ಭೇದಿಯಾದರೆ, ಅದು ತುಂಟತನವಲ್ಲ, ಜಡ್ಡು. ಸರಕಾರಿ ದನದ ದವಾಖಾನಿಗೆ ಕರೆದೊಯ್ಯಿರಿ. ಗಂಟೆ ಕಲಿತ ಮರಿಯ ಒಂದು ಲಾಭ ಇದೂ ಹೌದು: ಜಡ್ಡು ಬಂದದ್ದು ಬೇಗ ಗೊತ್ತಾಗುತ್ತದೆ.

ದವಾಖಾನಿಯ ಮಾತು ಬಂದ ಮೇಲೆ ಚುಚ್ಚುಮದ್ದನ್ನೂ ಹೇಳಿಬಿಡುತ್ತೇನೆ. ಆರರಿಂದ ಎಂಟು ವಾರಕ್ಕೆ ಪಾರ್ವೋ ಮೊದಲಾದ ರೋಗಗಳ ಮೊದಲ ಚುಚ್ಚುಮದ್ದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು. ಮುಂದಿನವು ವೈದ್ಯರು ಹೇಳಿದಂತೆ. ಜಂತಿನ ಔಷಧವನ್ನೂ ಕೇಳಿ ಪಡೆಯಿರಿ. ಯಾವ ನಾಯಿಯೇ ಕಚ್ಚಲಿ, ಸಾಕಿದ್ದಾಗಲಿ ಬೀದಿಯದಾಗಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಖಾರ, ಸುಣ್ಣ ಹಚ್ಚಿ ಕೂರಬಾರದು.

"ಇದೆಲ್ಲ ಪೇಟೆಯ ಜಾತಿ ನಾಯಿಗೆ, ನಮ್ಮ ಊರ ನಾಯಿಗೆ ಎಲ್ಲಿ ಬರಬೇಕು" ಎನ್ನುವವರಿದ್ದಾರೆ. ಇದು ನಾಯಿಗೆ ಮಾಡುವ ಅನ್ಯಾಯ. ಊರ ನಾಯಿಯ ಮರಿ ಬೇರೆ ಯಾವ ಮರಿಗೂ ಕಡಿಮೆಯಿಲ್ಲ. ನಮ್ಮ ದೇಶಿ ತಳಿ ಮುಧೋಳದ ಬೇಟೆನಾಯಿಯನ್ನೇ ತೆಗೆದುಕೊಳ್ಳಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಸಾಕಿ ಬೆಳೆಸಿದ ತಳಿ ಅದು. 2005ರಲ್ಲಿ ಭಾರತ ಸರಕಾರ ಅದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಅದರ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ಈ ತಳಿಯ ಅಧ್ಯಯನಕ್ಕೆ ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಕೇಂದ್ರವೊಂದಿದೆ. ಅದನ್ನು ನಡೆಸುವುದು ಎಲ್ಲಿಯ ವಿಶ್ವವಿದ್ಯಾಲಯ ಗೊತ್ತೆ? ನಮ್ಮ ನೆರೆಯ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಊರ ಮರಿಗೆ ಕಲಿಯುವ ಬುದ್ಧಿ ಇದ್ದೇ ಇದೆ. ಕಲಿಸುವ ತಾಳ್ಮೆ ನಮ್ಮಲ್ಲಿ ಇರಬೇಕು.

ಆಯಂದಿರಿಗೂ ಒಂದು ಮಾತು. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ನಮ್ಮ ಕಡೆಯವರು ಹೋಗಿ ಬರುತ್ತಾರೆ. ಮೈಲಾರನ ಜೊತೆಗಾರ ನಾಯಿ ಎಂಬುದು ನಿಮಗೆ ಹೇಳಬೇಕಾಗಿಲ್ಲ. ಮಲ್ಲಣ್ಣನ ನಾಯಿಗೆ ಕೈ ಮುಗಿದು ಬಂದವರು ಮನೆಯ ಕುನ್ನಿಗೆ ಮೂರು ವಾರದ ವಾಯಿದೆ ಕೊಡಬಾರದೆ?

ಬರೆದುಕೊಳ್ಳುವವರಿಗಾಗಿ ಮತ್ತೊಮ್ಮೆ ಚಿಕ್ಕದಾಗಿ ಹೇಳುತ್ತೇನೆ. ಒಂದು, ಮನೆಯಲ್ಲಿ ಬೇರೆಲ್ಲೂ ಕೇಳದ ಗಂಟೆ, ಮರಿಯ ಮೂಗಿನ ಎತ್ತರಕ್ಕೆ. ಎರಡು, ಮೊದಲು ಕೈಯಲ್ಲಿ, ಆಮೇಲೆ ಬಾಗಿಲಲ್ಲಿ. ಮೂರು, ಎದ್ದಾಗ, ಉಂಡಾಗ, ಕುಡಿದಾಗ, ಆಡಿದಾಗ ತಪ್ಪದೆ ಹೊರಗೆ. ನಾಲ್ಕು, ಗೊತ್ತಾದ ಜಾಗದಲ್ಲಿ ಕೆಲಸ ಮುಗಿದ ಕ್ಷಣ ತುತ್ತು. ಐದು, ಮರಿ ತಾನಾಗಿ ಬಾರಿಸಿದರೆ ಯಾರಾದರೊಬ್ಬರು ಕೂಡಲೇ ಏಳಬೇಕು. ಆರು, ಏಟು ಬೇಡ.

ಈಗ ನಮ್ಮ ಕಲ್ಪನೆಯ ಮನೆಗೆ ಹಿಂದಿರುಗೋಣ. ಮಕ್ಕಳು ಅತ್ತು ಕರೆದು ಮೂರು ವಾರದ ವಾಯಿದೆ ಪಡೆದುಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಬಾಗಿಲಿಗೆ ಗಂಟೆ ಬಂದಿದೆ. ಮೊದಲ ವಾರ ಕೌದಿ ಇನ್ನೆರಡು ಸಲ ಒಗೆಯಬೇಕಾಯಿತು. ಎರಡನೆಯ ವಾರ ಒಮ್ಮೆ. ಮೂರನೆಯ ವಾರದ ಒಂದು ಮಧ್ಯಾಹ್ನ, ಎಲ್ಲರೂ ಹೊಲಕ್ಕೆ ಹೋಗಿದ್ದಾರೆ, ಆಯಿ ಒಬ್ಬಳೇ ಜೋಳ ಹಸನು ಮಾಡುತ್ತ ಕುಳಿತಿದ್ದಾಳೆ. ಬಾಗಿಲ ಹತ್ತಿರ ಗಂಟೆ ಸಪ್ಪಳವಾಯಿತು. ಆಯಿ ಮರದೊಳಗಿನ ಜೋಳ ಬಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದಳು. "ಬಂದೆ ತಡಿಯಪ್ಪಾ, ಬಂದೆ" ಎನ್ನುತ್ತ ಹೋಗಿ ಅಗುಳಿ ತೆಗೆದಳು.

ಆ ಮರಿ ಇನ್ನು ಸಂತೆಗೆ ಹೋಗುವುದಿಲ್ಲ. ನಿಮ್ಮ ಮನೆಯ ಮರಿಯೂ ಹೋಗದಿರಲಿ.